ಸೊನ್ನೆಗೆ ಇಳಿಯುತ್ತಿದ್ದಂತೆ

ಅಕ್ಕನಿಗೆ ಫ್ರೆಂಚ್ ಪಾಠ ಹೇಳುವುದೆಂದರೆ ತಂಗಿಗೆ ಹಲ್ಲುನೋವು ಬಂದ ಹಾಗೆ. ಅಕ್ಕ ದೊಡ್ಡ ಆಸ್ಪತ್ರೆಯಲ್ಲಿ ನರ್ಸ್. ವಾರ್ಡಿನಲ್ಲಿ ಅವಳ ಮಾತಿಗೆ ಡಾಕ್ಟರುಗಳೂ ಎದುರಾಡುವುದಿಲ್ಲ. ಅಂಥವಳು ಈಗ ಕಣ್ಣಿಗೆ ಕನ್ನಡಕ ಏರಿಸಿಕೊಂಡು, ತಾನೇ ಎತ್ತಿ ಆಡಿಸಿದ ತಂಗಿಯ ಮುಂದೆ ಕ್ರಿಯಾಪದ ಒಪ್ಪಿಸಬೇಕಾಗಿತ್ತು. ಎರಡು ವರ್ಷದ ಮಟ್ಟಿಗೆ ಹೊರದೇಶದ ಆಸ್ಪತ್ರೆಯೊಂದಕ್ಕೆ ಹೋಗುವ ಅವಕಾಶ ಬಂದಿತ್ತು, ಅದಕ್ಕೆ ಫ್ರೆಂಚ್ ಪರೀಕ್ಷೆ ಪಾಸಾಗಬೇಕಿತ್ತು, ಪರೀಕ್ಷೆ ಮಂಗಳವಾರ ಇತ್ತು.

ಶನಿವಾರ ಮಧ್ಯಾಹ್ನ ಊಟದ ತಟ್ಟೆಗಳನ್ನು ಒಂದು ಬದಿಗೆ ಸರಿಸಿ ಇಬ್ಬರೂ ಅಡುಗೆಮನೆಯ ಮೇಜಿಗೆ ಕೂತಿದ್ದರು.

"ಇವತ್ತಿಂದು ಫ್ಯುತುರ್ ಆಂತೇರ್ಯೋರ್," ಅಂದಳು ತಂಗಿ.

"ಹೆಸರು ಕೇಳಿದ್ರೆ ಮಲಬದ್ಧತೆಯ ಔಷಧಿ ಇದ್ದ ಹಾಗಿದೆ."

"ಅಕ್ಕಾ."

"ಸರಿ, ಹೇಳಮ್ಮ ಹೇಳು."

"ಇನ್ನೂ ಆಗಿಲ್ಲ. ಆದ್ರೆ ಮುಂದೆ ಒಂದು ಹೊತ್ತಿಗೆ ಅದು ಆಗಿ ಮುಗಿದಿರುತ್ತೆ. ಅದನ್ನ ಹೇಳೋ ರೂಪ ಇದು. ಅವ್ವಾರ್, ಎತ್ರ್ ಅಂತ ಎರಡು ಸಹಾಯಕ ಕ್ರಿಯಾಪದ ಕಲಿತಿದೀಯಲ್ಲ, ಅದರಲ್ಲಿ ಒಂದನ್ನ ಭವಿಷ್ಯಕ್ಕೆ ತಿರುಗಿಸು. ಅದರ ಹಿಂದೆ ಮುಗಿದ ಕೆಲಸದ ರೂಪ ಇಡು. ಜೋರೇ ಫಿನೀ. ನಾನು ಮುಗಿಸಿರ್ತೀನಿ. ಹೋಗು, ಬರು, ಬೀಳು ಇಂಥವಕ್ಕೆ ಎತ್ರ್ ಬರುತ್ತೆ. ಜ ಸರೇ ಪಾರ್ತೀ. ನಾನು ಹೊರಟಿರ್ತೀನಿ."

ಅಕ್ಕ ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚಿದಳು. "ಇದರಲ್ಲೇನಿದೆ ಮಹಾ? ಡಾಕ್ಟರ್ ಬರೋ ಹೊತ್ತಿಗೆ ನಾನು ಇಂಜೆಕ್ಷನ್ ಕೊಟ್ಟಿರ್ತೀನಿ. ದಿನಾ ಹೇಳೋದೇ ತಾನೆ."

"ಅದೇ. ಆದ್ರೆ ಎಡವೋದು ಎಲ್ಲಿ ಗೊತ್ತಾ? ಮುಂದೆ ಎರಡು ಕೆಲಸ ಆಗಬೇಕು, ಒಂದು ಮುಗಿದ ಮೇಲೇ ಇನ್ನೊಂದು ಶುರುವಾಗಬೇಕು ಅಂತಿದ್ರೆ, ಮೊದಲು ಮುಗಿಯೋದಕ್ಕೆ ಈ ರೂಪವೇ ಬರಬೇಕು. ಕಾಂ, ದೆ ಕ, ಇವು ಕಂಡ್ರೆ ಕಿವಿ ನಿಮಿರಿಸ್ಕೋ. ಕಾಂ ಅಂದ್ರೆ ಯಾವಾಗ. ದೆ ಕ ಅಂದ್ರೆ ಆದ ಕೂಡ್ಲೇ."

"ಒಂದು ಉದಾಹರಣೆ ಕೊಡು. ಪುಸ್ತಕದ್ದು ಬೇಡ, ಅದರಲ್ಲಿ ಬರೀ ಅಜ್ಜಿ ಮನೆಗೆ ಹೋಗ್ತಾರೆ."

ತಂಗಿ ಅನುವಾದದ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದಳು. ಔಷಧದಂಗಡಿಯ ಮಹಡಿಯ ಮೇಲೆ ಎರಡು ಕೋಣೆ, ನಾಲ್ಕು ಮೇಜು, ಒಬ್ಬರು ಯಜಮಾನಿ, ಅಷ್ಟೇ ಕಚೇರಿ. ಬರುವುದೆಲ್ಲ ಯಂತ್ರಗಳ ಜೊತೆ ಬರುವ ಕೈಪಿಡಿಗಳು. ಉದಾಹರಣೆ ಎಂದಾಗ ಹೋದ ವಾರ ಮಾಡಿದ ಕೆಲಸದ ವಾಕ್ಯವೇ ಅವಳ ನಾಲಿಗೆಗೆ ಬಂತು.

"ದೆ ಕ ಲಾ ಪ್ರೆಸ್ಯೋಂ ಸರಾ ತೋಂಬೇ ಆ ಝೆರೋ... ಇದನ್ನ ಬಿಡಿಸು ನೋಡೋಣ. ಲಾ ಪ್ರೆಸ್ಯೋಂ ಅಂದ್ರೆ ಒತ್ತಡ. ಆಮೇಲೆ ಮುಚ್ಚಳದ ನಟ್ಟು ಸಡಿಲಿಸಿ ಅಂತ ಇದೆ."

ಅಕ್ಕ ಬೆರಳಲ್ಲಿ ಎಣಿಸುತ್ತ ಬಿಡಿಸಿದಳು. "ತೋಂಬೇ ಅಂದ್ರೆ ಬಿದ್ದದ್ದು. ಸರಾ ಅಂತ ಎತ್ರ್ ಬಂದಿದೆ. ಫ್ರೆಂಚಲ್ಲಿ ಒತ್ತಡ ಹೆಣ್ಣು, ಅದಕ್ಕೆ ಬರೆಯುವಾಗ ಕೊನೆಗೆ ಇನ್ನೊಂದು ಅಕ್ಷರ ಸೇರುತ್ತೆ. ಒತ್ತಡ ಬಿದ್ದಿರುತ್ತೆ. ಅಂದ್ರೆ, ಒತ್ತಡ ಸೊನ್ನೆಗೆ ಬಂದು ನಿಂತ ಮೇಲೆ ನಟ್ಟು ಸಡಿಲಿಸು. ಸರಿನಾ?"

ತಂಗಿ ಆ ವಾಕ್ಯವನ್ನು ಬಾಯೊಳಗೇ ಇನ್ನೊಮ್ಮೆ ಹೇಳಿಕೊಳ್ಳುತ್ತಿದ್ದಳು.

"ಸರಿನಾ ಅಂದೆ."

"ಅಕ್ಕಾ, ನಾನೊಂದು ವಾಕ್ಯ ಹೇಳ್ತೀನಿ. ಫ್ರೆಂಚ್ ಮರೆತುಬಿಡು. ಕೇಳಿ ಏನು ಅರ್ಥ ಆಯ್ತು ಅಂತ ಹೇಳು. ‘ಒತ್ತಡವು ಸೊನ್ನೆಗೆ ಇಳಿಯುತ್ತಿದ್ದಂತೆ ಮುಚ್ಚಳದ ನಟ್ಟುಗಳನ್ನು ಸಡಿಲಿಸಿ.’"

"ಇಳೀತಾ ಇರೋವಾಗ ಸಡಿಲಿಸ್ತಾ ಹೋಗು ಅಂತ. ಅದು ಇಳೀತಾ ಇರಲಿ, ನೀನು ಬಿಚ್ಚುತಾ ಇರು."

"ಇಳಿದ ಕೂಡ್ಲೇ ಅಂತ ಅರ್ಥ ಆಗಲ್ವಾ? ‘ಅವನು ಬರುತ್ತಿದ್ದಂತೆ ಎಲ್ಲರೂ ಎದ್ದರು’ ಅಂತೀವಲ್ಲ, ಹಾಗೆ?"

"ಹಾಗೂ ಆಗುತ್ತೆ. ಯಾಕೆ, ಮುಖ ಯಾಕೆ ಹಾಗಾಯ್ತು?"

ಅದು ತಂಗಿಯದೇ ವಾಕ್ಯ, ಹೋದ ವಾರ ಬರೆದು ಕಳಿಸಿದ್ದು. ‘ದೆ ಕ’ವನ್ನು ಅವಳು ಬಿಟ್ಟಿರಲಿಲ್ಲ. ಅದಕ್ಕೆ ‘ಇಳಿಯುತ್ತಿದ್ದಂತೆ’ ಎಂದು ಹಾಕಿ, ವಾಕ್ಯ ನಯವಾಗಿ ಕೂತಿತೆಂದು ಒಳಗೊಳಗೇ ಹಿಗ್ಗಿಯೂ ಇದ್ದಳು. ಆದರೆ ‘ಸರಾ ತೋಂಬೇ’ ಎಂಬಲ್ಲಿ ಫ್ರೆಂಚಿನವನು ಕೈ ಅಡ್ಡ ಹಿಡಿದು ‘ಮೊದಲು ಅದು ಮುಗಿಯಲಿ’ ಎಂದು ನಿಲ್ಲಿಸಿದ್ದನಲ್ಲ, ಅದು ಅವಳ ವಾಕ್ಯದಲ್ಲಿ ಬಂದೇ ಇರಲಿಲ್ಲ. ಆ ವಾಕ್ಯವಿದ್ದ ಕೈಪಿಡಿಯ ಹಾಳೆ ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯೊಂದಕ್ಕೆ ಹೋಗಿತ್ತು. ಅಲ್ಲಿಗೆ ಎಲ್ಲಿಂದಲೋ ಹಳೆಯ ಫ್ರೆಂಚ್ ಯಂತ್ರವೊಂದು ಬಂದಿತ್ತು. ಕುದಿಯುವ ಬಣ್ಣದ ನೀರನ್ನು ಒತ್ತಡದಲ್ಲಿ ನೂಲಿನೊಳಕ್ಕೆ ನುಗ್ಗಿಸುವ, ಆಳೆತ್ತರದ ಕಬ್ಬಿಣದ ಕೊಳಗ. ಹಾಳೆಯನ್ನು ಪ್ಲಾಸ್ಟಿಕ್ ಹಾಕಿಸಿ ಯಂತ್ರದ ಪಕ್ಕದ ಗೋಡೆಗೆ ಅಂಟಿಸುತ್ತೇವೆಂದು ಅಲ್ಲಿಯ ಮೇಸ್ತ್ರಿ ಫೋನಿನಲ್ಲಿ ಹೇಳಿದ್ದು ಅವಳಿಗೆ ಚೆನ್ನಾಗಿ ನೆನಪಿತ್ತು.

ಅವಳು ಮೇಸ್ತ್ರಿಗೆ ಫೋನ್ ಮಾಡಿದಳು. ಹೊಡೆದುಕೊಂಡು ಹೊಡೆದುಕೊಂಡು ನಿಂತಿತು. ಮತ್ತೆ ಮಾಡಿದಳು. ಕಾರ್ಖಾನೆಯ ಕಚೇರಿಗೆ ಮಾಡಿದಳು, ಅಲ್ಲೂ ಯಾರೂ ಎತ್ತಲಿಲ್ಲ. ಕೊನೆಗೆ ಯಜಮಾನಿಗೆ ಮಾಡಿದಳು. ಯಜಮಾನಿ ಎಲ್ಲವನ್ನೂ ಸಮಾಧಾನದಿಂದ ಕೇಳಿಸಿಕೊಂಡರು.

"ಯಾರಾದ್ರೂ ದೂರು ಕೊಟ್ರಾ?"

"ಇಲ್ಲ ಮೇಡಂ, ಆದ್ರೆ..."

"ಕೊಟ್ಟಿಲ್ಲ ತಾನೇ? ಮತ್ತೆ ನಾವೇ ಹೋಗಿ ತಪ್ಪು ಮಾಡಿದ್ವಿ ಅಂತ ತಮಟೆ ಹೊಡೆಯೋದು ಯಾಕಮ್ಮ? ಸೋಮವಾರ ತಿದ್ದಿದ ಪ್ರತಿ ಅಂತ ಹೊಸ ಹಾಳೆ ಕಳಿಸೋಣ. ಹಳೇದನ್ನ ಅವರೇ ಕಿತ್ತು ಹಾಕ್ತಾರೆ. ನೀನು ಸುಮ್ಮನೆ ತಲೆ ಕೆಡಿಸ್ಕೋಬೇಡ."

ಫೋನ್ ಇಟ್ಟ ಮೇಲೆ ತಂಗಿಗೆ ಒಂದು ಗಳಿಗೆ ಹಗುರವೇ ಆಯಿತು. ಹೇಳುವವರು ಹೇಳಿದ್ದಾರೆ, ಇನ್ನು ತನ್ನದೇನಿದೆ? ಪುಸ್ತಕ ಎಳೆದುಕೊಂಡು, "ಎಲ್ಲಿದ್ವಿ?" ಅಂದಳು.

ಅಕ್ಕ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. "ಸೋಮವಾರದವರೆಗೆ ಆ ಯಂತ್ರಕ್ಕೆ ರಜೆನಾ?"

ತಂಗಿ ತಲೆ ಎತ್ತಲಿಲ್ಲ. "ಕೆಲಸ ಹೋಗುತ್ತೆ ಅಕ್ಕ. ಮೇಡಂ ಹೇಳಿದ್ದನ್ನ ಮೀರಿ ಹೋದ್ರೆ."

"ಆವಿ ಬಡಿದು ಬಂದವರನ್ನ ನೀನು ನೋಡಿಲ್ಲ. ನಾನು ನೋಡಿದೀನಿ. ಏಳು, ಚಪ್ಪಲಿ ಹಾಕ್ಕೋ."

ಬಸ್ಸು ಸಿಕ್ಕಿತು, ಆದರೆ ಓಡಲಿಲ್ಲ. ಪ್ರತಿ ಸಿಗ್ನಲ್ಲಿಗೂ ನಿಂತು ಗೊರಗೊರ ಅನ್ನುತ್ತಿತ್ತು. ತಂಗಿ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಮಧ್ಯೆ ಮಧ್ಯೆ ಮೇಸ್ತ್ರಿಯ ನಂಬರ್ ಒತ್ತುವಳು, ಕಿವಿಗಿಡುವಳು, ಇಳಿಸುವಳು. ಎದುರಿನ ಕಡೆಯಿಂದ ಆಂಬ್ಯುಲೆನ್ಸ್ ಒಂದು ಕೂಗಿಕೊಂಡು ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ಅವಳು ಎದ್ದೇ ನಿಂತುಬಿಟ್ಟಳು.

"ಕೂತ್ಕೋ. ಅದು ನಮ್ಮ ಆಸ್ಪತ್ರೆದಲ್ಲ, ಹೆರಿಗೆ ಆಸ್ಪತ್ರೆದು," ಅಂದಳು ಅಕ್ಕ. "ಯಾರೂ ಓದಿರಲ್ಲ ಬಿಡೇ. ನಮ್ಮ ವಾರ್ಡಲ್ಲೂ ಗೋಡೆ ತುಂಬ ಸೂಚನೆ ಅಂಟಿಸಿದಾರೆ, ಯಾರು ಓದ್ತಾರೆ? ಹಳಬರು ಯಾರೋ ಇದ್ದಿರ್ತಾರೆ. ಅವರಿಗೆ ಕೈಯಲ್ಲೇ ಅಭ್ಯಾಸ ಆಗಿರುತ್ತೆ."

ಆಗಿರುತ್ತೆ, ಇದ್ದಿರ್ತಾರೆ. ಹೀಗೆ ಊಹೆ ಮಾಡುವುದಕ್ಕೂ ಫ್ರೆಂಚಿನಲ್ಲಿ ಅದೇ ರೂಪವನ್ನೇ ಬಳಸುತ್ತಾರೆ. ‘ಅವನು ಬಸ್ಸು ತಪ್ಪಿಸಿಕೊಂಡಿರುತ್ತಾನೆ’ ಎಂದು ನಾವು ಅನ್ನುವ ಹಾಗೆಯೇ. ಅದನ್ನು ಪಾಠದ ಕೊನೆಗೆ ಹೇಳಬೇಕೆಂದು ತಂಗಿ ಇಟ್ಟುಕೊಂಡಿದ್ದಳು. ಅಲ್ಲಿಯವರೆಗೆ ಪಾಠ ಹೋಗಲೇ ಇಲ್ಲ. ಈಗ ಅವಳ ತಲೆಯೊಳಗೆ ಆ ರೂಪ ಒಂದೇ ಸಮನೆ ತಿರುಗತೊಡಗಿತು. ಬೆಳಿಗ್ಗೆಯೇ ಯಂತ್ರ ಹಚ್ಚಿರುತ್ತಾರೆ. ಹಾಳೆ ನೋಡಿರುತ್ತಾರೆ. ಸ್ಪ್ಯಾನರ್ ಕೈಗೆ ತೆಗೆದುಕೊಂಡಿರುತ್ತಾರೆ. ಅದಕ್ಕಿಂತ ಮುಂದಕ್ಕೆ ಯೋಚಿಸಲು ಧೈರ್ಯ ಸಾಲದೆ ಮತ್ತೆ ಮೊದಲಿಂದ ಶುರುಮಾಡುವಳು.

"ಓದಿರಲ್ಲ ಅಂದ್ಯಲ್ಲ," ಅಂದಳು. "ಓದಿದ್ರೆ?"

ಅಕ್ಕ ಅವಳ ಕೈಯನ್ನು ಕಂಬಿಯಿಂದ ಬಿಡಿಸಿ ತನ್ನ ತೊಡೆಯ ಮೇಲಿಟ್ಟುಕೊಂಡಳು.

ಕಾರ್ಖಾನೆಯ ಗೇಟಿನಲ್ಲಿ ಕಾವಲಿನವನು ಅಡ್ಡ ನಿಂತ. ಶನಿವಾರ ಹೊರಗಿನವರನ್ನು ಬಿಡುವ ಹಾಗಿಲ್ಲ, ಮೇಸ್ತ್ರಿಯ ಅಪ್ಪಣೆ ಬೇಕು, ಮೇಸ್ತ್ರಿ ಫೋನ್ ಎತ್ತುತ್ತಿಲ್ಲ ಎಂದ. ತಂಗಿ ತೊದಲಿದಳು. ಅಕ್ಕ ವಾರ್ಡಿನ ದನಿ ತೆಗೆದಳು.

"ನಾನು ಆಸ್ಪತ್ರೆಯಿಂದ ಬಂದಿದೀನಿ. ಒಳಗೆ ಯಾರಿಗಾದ್ರೂ ಏನಾದ್ರೂ ಆದ್ರೆ, ಗೇಟಲ್ಲಿ ತಡೆದವರು ಯಾರು ಅಂತ ಮೊದಲು ಕೇಳ್ತಾರೆ. ನಿಮ್ಮ ಹೆಸರು ಹೇಳಿ, ಬರ್ಕೋತೀನಿ."

ಹೆಸರು ಹೇಳುವ ಬದಲು ಅವನು ಗೇಟು ತೆಗೆದ.

ಬಣ್ಣದ ಮನೆಯೊಳಗೆ ಕಾಲಿಟ್ಟರೆ ಕಿವಿ ಗುಂಯ್‌ಗುಟ್ಟುವಷ್ಟು ಸದ್ದು. ಪಂಪು, ಬೀಸಣಿಗೆ, ನೀರು ಹಿಂಡುವ ಯಂತ್ರ ಎಲ್ಲ ಒಟ್ಟಿಗೆ ಕೂಗುತ್ತಿದ್ದವು. ಫೋನ್ ಹೊಡೆದುಕೊಂಡರೆ ದೇವರಿಗೂ ಕೇಳಿಸುವಂತಿರಲಿಲ್ಲ. ನೆಲದ ಕಾಲುವೆಗಳಲ್ಲಿ ಕೆಂಪು, ಹಸಿರು ನೀರು ಬೇರೆ ಬೇರೆಯಾಗಿ ಬಂದು ಮೂಲೆಯಲ್ಲಿ ಸೇರಿ ಕೊಳಕು ಕಂದಾಗುತ್ತಿತ್ತು. ಕೊನೆಯಲ್ಲಿ, ಒಂದು ಕಟ್ಟೆಯ ಮೇಲೆ, ಆ ಕೊಳಗ ಕಂಡಿತು. ಪಕ್ಕದ ಗೋಡೆಯ ಮೇಲೆ ಪ್ಲಾಸ್ಟಿಕ್ ಹಾಕಿದ ಹಾಳೆ ಮಿನುಗುತ್ತಿತ್ತು. ಕೆಲಸದವರು ಆ ಯಂತ್ರಕ್ಕೆ ಫ್ರೆಂಚಮ್ಮ ಎಂದು ಹೆಸರಿಟ್ಟು ಸೀಮೆಸುಣ್ಣದಲ್ಲಿ ಬರೆದಿದ್ದರು.

ಫ್ರೆಂಚಮ್ಮನ ಮುಂದೆ ಐವತ್ತರ ಆಸುಪಾಸಿನ ಹೆಂಗಸೊಬ್ಬಳು ಉದ್ದನೆಯ ಸ್ಪ್ಯಾನರ್ ಹಿಡಿದು ನಿಂತಿದ್ದಳು. ಉದ್ದ ತೋಳಿನ ಬಟ್ಟೆಯಿಂದ ಹೊರಗೆ ಕಂಡ ಅವಳ ಕೈಗಳು ನೀಲಿ. ಎಷ್ಟೋ ವರ್ಷ ನೀಲಿ ಬಣ್ಣದ ತೊಟ್ಟಿಯಲ್ಲೇ ದುಡಿದು ಆ ಬಣ್ಣ ಅವಳನ್ನು ಬಿಟ್ಟಿರಲಿಲ್ಲ. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ನೀಲಮ್ಮ. ಒತ್ತಡ ತೋರಿಸುವ ಗೇಜಿನ ಮುಳ್ಳು ನಿಧಾನವಾಗಿ ಇಳಿಯುತ್ತಿತ್ತು. ಇನ್ನೂ ಸೊನ್ನೆಗೆ ಬಂದಿರಲಿಲ್ಲ. ನೀಲಮ್ಮ ದೇಹವನ್ನು ಒಂದು ಪಕ್ಕಕ್ಕೆ ವಾಲಿಸಿ, ಮುಖ ತಿರುಗಿಸಿಕೊಂಡು, ಸ್ಪ್ಯಾನರನ್ನು ಮೊದಲ ನಟ್ಟಿಗೆ ಹಾಕಿದಳು.

"ಬೇಡಾ!" ಎಂದು ತಂಗಿ ಕಿರುಚಿದಳು. ಅವಳ ದನಿ ಅವಳಿಗೇ ಕೇಳಿಸಲಿಲ್ಲ. ಒದ್ದೆ ನೆಲದ ಮೇಲೆ ಜಾರುತ್ತ ಓಡಿ, ಕಟ್ಟೆ ಹತ್ತಿ, ನೀಲಮ್ಮನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ನೀಲಮ್ಮ ನೋವಿನಿಂದ ಚೀರಿದಳು. ಸ್ಪ್ಯಾನರ್ ಠಣಾರನೆ ಕೆಳಗೆ ಬಿತ್ತು. ತಂಗಿ ಕೈ ಬಿಟ್ಟಳು. ತೋಳಿನ ಬಟ್ಟೆಯ ಕೆಳಗೆ ಏನೋ ಒದ್ದೆಯಾಗಿ ಅಂಟಿದ್ದು ಅವಳ ಅಂಗೈಗೆ ತಾಗಿತ್ತು.

"ಯಾರ್ರೀ ನೀವು? ಹುಚ್ಚಾ ನಿಮಗೆ?"

"ಮುಟ್ಟಬೇಡಿ, ಅದನ್ನ ಈಗ ಮುಟ್ಟಬೇಡಿ. ಪೂರ್ತಿ ಇಳಿದ ಮೇಲೆ. ಪೂರ್ತಿ ಇಳಿದು ನಿಂತ ಮೇಲೆ!"

ಅಷ್ಟರಲ್ಲಿ ಅಕ್ಕ ಬಂದು ಇಬ್ಬರ ನಡುವೆ ನಿಂತಿದ್ದಳು. ಏನನ್ನೂ ಕೇಳದೆ ನೀಲಮ್ಮನ ತೋಳಿನ ಬಟ್ಟೆಯನ್ನು ಮೆಲ್ಲಗೆ ಮೇಲೆತ್ತಿದಳು. ಮಣಿಕಟ್ಟಿನಿಂದ ಮೇಲಕ್ಕೆ ಗುಳ್ಳೆ ಎದ್ದು ಒಡೆದ ಚರ್ಮ. ನೀಲಿಯ ಮೇಲೆ ಕೆಂಪು, ಅದರ ಮೇಲೆ ಒಣಗಿದ ಬಿಳಿ.

"ಟೂತ್‌ಪೇಸ್ಟ್ ಹಚ್ಚಿದೀರಿ," ಅಂದಳು ಅಕ್ಕ ಅವಳ ಕಿವಿಯ ಹತ್ತಿರ ಬಾಗಿ. "ಯಾವಾಗ ಆಯ್ತು?"

"ಬುಧವಾರ. ಏನಿಲ್ಲ ಬಿಡಿ. ಸ್ವಲ್ಪ ಆವಿ ಬಡೀತು."

"ಯಾರಿಗೂ ಹೇಳಿಲ್ವಾ?"

ನೀಲಮ್ಮ ಅತ್ತಿತ್ತ ನೋಡಿದಳು. "ಹೇಳಿದ್ರೆ ಕೈಲಾಗದವಳು ಅಂತ ಈ ಯಂತ್ರದಿಂದ ತೆಗೀತಾರೆ. ನನ್ನದೇ ತಪ್ಪು. ಸರಿಯಾದ ಕಡೆ ನಿಂತ್ಕೋಬೇಕಿತ್ತು. ಈಗ ಪಕ್ಕಕ್ಕೆ ನಿಂತು ಬಿಚ್ಚೋದು ಕಲ್ತಿದೀನಿ."

ತಂಗಿ ಕಟ್ಟೆಯ ಅಂಚಿಗೆ ಒರಗಿದಳು. ಆಂಬ್ಯುಲೆನ್ಸಿನ ಸದ್ದಿಗೆ ತಾನು ಎದ್ದು ನಿಂತದ್ದು ಇವತ್ತು. ಇಲ್ಲಿ ಆಗುವುದು ಬುಧವಾರವೇ ಆಗಿಹೋಗಿತ್ತು. ಅವಳು ತನ್ನ ಮೇಜಿನಲ್ಲಿ ಕೂತು ಬೇರೆ ಯಾವುದೋ ಕೈಪಿಡಿಯ ಮೇಲೆ ಬಗ್ಗಿದ್ದಾಗ.

ಜನ ಸೇರಿದ್ದು ಕಂಡು ಮೇಸ್ತ್ರಿ ಓಡಿ ಬಂದರು. ಪಂಪು ನಿಲ್ಲಿಸಿದರು. ಸದ್ದು ಅರ್ಧ ಇಳಿಯಿತು. ನೀಲಮ್ಮನ ಕೈ ನೋಡಿದವರೇ ಮೇಸ್ತ್ರಿ ಸಿಡುಕಿದರು.

"ಗೋಡೆ ಮೇಲೆ ಇಷ್ಟು ದಪ್ಪ ಅಕ್ಷರದಲ್ಲಿ ಹಾಕಿದೆ. ಓದೋಕೆ ಬರಲ್ವಾ ನಿನಗೆ?"

ನೀಲಮ್ಮ ತಲೆ ತಗ್ಗಿಸಿದಳು. ಆ ಗಳಿಗೆಯಲ್ಲಿ ತಂಗಿಗೆ ಸುಮ್ಮನಿರುವ ದಾರಿಯೊಂದು ಕಣ್ಣೆದುರಿಗೇ ಬಿಚ್ಚಿಕೊಂಡಿತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೊಸ ಹಾಳೆ ಸೋಮವಾರ ಬರುತ್ತಿತ್ತು. ಅವಳು ಗೋಡೆಯ ಹಾಳೆಯ ಕಡೆ ಬೆರಳು ತೋರಿಸಿದಳು.

"ಅವರು ಸರಿಯಾಗೇ ಓದಿದಾರೆ, ಮೇಸ್ತ್ರಿ. ಬರೆದಿರೋದೇ ತಪ್ಪು. ಬರೆದವಳು ನಾನು."

ಮೇಸ್ತ್ರಿ ಹಾಳೆಯ ಕಡೆ ನೋಡಿದರು, ಅವಳ ಕಡೆ ನೋಡಿದರು. ತುಟಿ ಆಡಿಸುತ್ತ ಆ ಸಾಲನ್ನು ಓದಿಕೊಂಡರು. ಮುಖದ ಬಣ್ಣ ಇಳಿಯಿತು.

"ನಾನು ಕೇಳಿದ್ದೆ ನಿಮ್ಮನ್ನ," ಅಂದಳು ನೀಲಮ್ಮ ಮೇಸ್ತ್ರಿಗೆ. "ಮುಂಚಿನ ಯಂತ್ರದಲ್ಲಿ ಪೂರ್ತಿ ಇಳಿಯೋವರೆಗೂ ಕಾಯ್ತಿದ್ವಿ, ಇದರಲ್ಲಿ ಇಳೀತಾ ಇರುವಾಗಲೇ ಅಂತಿದೆಯಲ್ಲ ಅಂತ. ಹೊಸ ಯಂತ್ರ, ಹೊಸ ರೀತಿ, ಹಾಳೇಲಿ ಇದ್ದ ಹಾಗೆ ಮಾಡು ಅಂದ್ರಿ."

ಮೇಸ್ತ್ರಿ ಕರವಸ್ತ್ರ ತೆಗೆದು ಕತ್ತು ಒರೆಸಿಕೊಂಡರು.

ನೀಲಮ್ಮ ತಂಗಿಯ ಕಡೆ ತಿರುಗಿದಳು. ಆ ಕಣ್ಣುಗಳಲ್ಲಿ ಕರುಣೆ ಇರಲಿಲ್ಲ. "ಮೂರು ದಿನದಿಂದ ನನಗೆ ನಾನೇ ಬೈಕೊಂಡಿದೀನಿ. ಮನೇಲಿ ಮಗಳ ಕೈಲಿ ಬೈಸ್ಕೊಂಡಿದೀನಿ. ವಯಸ್ಸಾಯ್ತು, ಕಣ್ಣು ಹೋಯ್ತು, ಬುದ್ಧಿ ಹೋಯ್ತು ಅಂತ. ಒಂದು ಸಾಲು ಸರಿಯಾಗಿ ಬರೆಯೋಕೆ ಆಗಲ್ವಾ ತಾಯಿ ನಿಮಗೆ? ಅದೇ ತಾನೇ ನಿಮ್ಮ ಕೆಲಸ?"

"ಹೌದು," ಅಂದಳು ತಂಗಿ. "ಅದೇ ನನ್ನ ಕೆಲಸ."

ಕ್ಷಮಿಸಿ ಎಂಬ ಮಾತು ಬಾಯಿಗೆ ಬಂತು, ಆ ತೋಳಿನ ಮುಂದೆ ಅದು ಅಗ್ಗವಾಗಿ ಕಂಡಿತು, ಆದರೂ ಅಂದಳು. ನೀಲಮ್ಮ ಕೇಳಿಸಿಕೊಂಡಳೋ ಇಲ್ಲವೋ, ಮುಖ ತಿರುಗಿಸಿ ಗೇಜನ್ನೇ ನೋಡುತ್ತ ನಿಂತಳು. ಎಲ್ಲರೂ ನೋಡುತ್ತ ನಿಂತರು. ಮುಳ್ಳು ತೆವಳಿ ತೆವಳಿ ಕೊನೆಗೆ ಸೊನ್ನೆಗೆ ತಾಗಿತು. ಆಗಲೂ ಮೇಸ್ತ್ರಿ, "ಇರಿ, ಇನ್ನೂ ಸ್ವಲ್ಪ ಇರಿ" ಎಂದರು. ಆಮೇಲೆ ತಾವೇ ಸ್ಪ್ಯಾನರ್ ಎತ್ತಿಕೊಂಡರು. ನಟ್ಟುಗಳು ಒಂದೊಂದಾಗಿ ಸಡಿಲಾದವು. ಬುಸ್ಸೆನ್ನಲಿಲ್ಲ, ಹನಿ ಹಾರಲಿಲ್ಲ. ಮುಚ್ಚಳ ಎದ್ದಾಗ ಒಳಗೆ ಕಡುಹಸಿರು ನೂಲಿನ ಉಂಡೆಗಳು ಸಾಲಾಗಿ ಕೂತಿದ್ದವು.

ಅಕ್ಕ ಕಾರ್ಖಾನೆಯ ಔಷಧದ ಪೆಟ್ಟಿಗೆ ತರಿಸಿದಳು. ಅದರಲ್ಲಿ ಅವಧಿ ಮುಗಿದ ಹತ್ತಿ, ಖಾಲಿ ಬಾಟಲಿ ಬಿಟ್ಟು ಏನೂ ಇರಲಿಲ್ಲ. ಮೇಸ್ತ್ರಿಗೆ ಅವಳು ಹಾಕಿದ ಮಂಗಳಾರತಿಯಲ್ಲಿ ಆ ಪೆಟ್ಟಿಗೆ ತುಂಬಿಸದ ಒಂದು ವರ್ಷದ ಬಾಕಿಯೂ ಸೇರಿತ್ತು. ಕೊನೆಗೆ ಗಾಯ ತೊಳೆದು, ತನ್ನ ಚೀಲದಲ್ಲಿದ್ದ ಶುದ್ಧ ಬಟ್ಟೆ ಸುತ್ತಿ, ನೀಲಮ್ಮನನ್ನು ಆಟೋದಲ್ಲಿ ತನ್ನ ಆಸ್ಪತ್ರೆಗೇ ಕರೆದುಕೊಂಡು ಹೋದಳು. ತಂಗಿಯೂ ಹತ್ತಲು ಹೋದಾಗ ನೀಲಮ್ಮ, "ಇವರು ಬೇಡ" ಎಂದಳು. ತಂಗಿ ಕೆಳಗಿಳಿದಳು. ಗೋಡೆಯ ಹಾಳೆ ಕಿತ್ತುಕೊಂಡು ಒಬ್ಬಳೇ ಬಸ್ಸಿನಲ್ಲಿ ಮನೆಗೆ ಬಂದಳು.

ಭಾನುವಾರವಿಡೀ ಅವಳು ಆ ಕೈಪಿಡಿಯನ್ನು ಮೊದಲ ಪುಟದಿಂದ ಮತ್ತೆ ಬರೆದಳು. ‘ಕಾಂ’, ‘ದೆ ಕ’ ಎಂದು ಬಂದಲ್ಲೆಲ್ಲ ಬೆರಳಿಟ್ಟು ನಿಂತಳು. ಎಲ್ಲಿ ಮುಗಿದಿರಬೇಕು ಎಂದಿದೆ, ಎಲ್ಲಿ ಆಗುತ್ತಿರಬೇಕು ಎಂದಿದೆ ಎಂದು ಒಂದೊಂದು ವಾಕ್ಯವನ್ನೂ ಮೂರು ಮೂರು ಬಾರಿ ಬಿಡಿಸಿದಳು. ಇನ್ನೊಂದು ಕಡೆಯೂ ಅಂಥದೇ ಸಡಿಲು ಸಿಕ್ಕಿತು. ಅದು ಯಂತ್ರ ತೊಳೆಯುವ ವಿಷಯ, ಯಾರಿಗೂ ಏನೂ ಆಗುವಂಥದ್ದಲ್ಲ. ಆದರೂ ಅದನ್ನೂ ತಿದ್ದಿ ಬರೆದಳು.

ಸೋಮವಾರ ಯಜಮಾನಿ ಕೂಗಾಡಲಿಲ್ಲ. ಅದಕ್ಕಿಂತ ಕೆಟ್ಟದಾಗಿ, ಮೆತ್ತಗೆ ಮಾತಾಡಿದರು. "ನನ್ನ ಮಾತು ಮೀರಿ ಹೋದೆ."

"ಹೌದು ಮೇಡಂ."

"ಹೋಗದೇ ಇದ್ದಿದ್ರೆ ಇವತ್ತು ಇಲ್ಲಿ ಪೊಲೀಸ್ ಇರ್ತಿದ್ರೋ ಏನೋ. ಅದಕ್ಕೇ ಏನೂ ಹೇಳ್ತಿಲ್ಲ." ಮೇಜಿನ ಮೇಲಿನ ಪೆನ್ನನ್ನು ನೆಟ್ಟಗೆ ಮಾಡಿದರು. "ಸದ್ಯಕ್ಕೆ ನಿನಗೆ ಯಂತ್ರದ ಕೆಲಸ ಬೇಡ. ಶಾಂಪೂ, ಸೋಪು, ಬಿಸ್ಕತ್ತಿನ ಪೊಟ್ಟಣ. ಅಷ್ಟು ಮಾಡ್ಕೊಂಡಿರು."

ಕೆಲಸ ಹೋಗಲಿಲ್ಲ. ಆದರೆ ಪಕ್ಕದ ಮೇಜಿನವರು ಅವಳ ಹಾಳೆಗಳನ್ನು ತಿರುಗಿಸಿ ನೋಡತೊಡಗಿದ್ದರು. ಶಾಂಪೂ ಬಾಟಲಿಯ ಹಿಂದಿನ ನಾಲ್ಕು ಸಾಲಿಗೂ ಅವಳು ಅರ್ಧ ದಿನ ತೆಗೆದುಕೊಳ್ಳುವಳು. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಮೊದಲ ರಿಂಗಿಗೇ ಎತ್ತುವಳು.

ಅಕ್ಕ ಮಂಗಳವಾರ ಪರೀಕ್ಷೆ ಬರೆದು ಬಂದಳು. ಎರಡು ವಾರಕ್ಕೆ ಫಲಿತಾಂಶ ಬಂತು. ಅಂಚಿನಲ್ಲಿ ತೇಲಿ ಪಾಸಾಗಿದ್ದಳು. "ನಿನ್ನ ಆ ಔಷಧಿ ರೂಪದ ಮೇಲೆ ಎರಡು ಪ್ರಶ್ನೆ ಬಂದಿದ್ವು," ಅಂದಳು. "ಎರಡೂ ಸರಿ. ಅದೊಂದು ಜನ್ಮದಲ್ಲಿ ಮರೆಯಲ್ಲ." ಗಾಯಕ್ಕೆ ಬಟ್ಟೆ ಕಟ್ಟಿಸಿಕೊಳ್ಳಲು ನೀಲಮ್ಮ ಆಸ್ಪತ್ರೆಗೆ ಬರುತ್ತಿದ್ದ ಸುದ್ದಿಯೂ ಅಕ್ಕನಿಂದಲೇ ತಿಳಿಯುತ್ತಿತ್ತು. ಚರ್ಮ ಕೂಡುತ್ತಿದೆ, ಕಲೆ ಮಾತ್ರ ಉಳಿಯುತ್ತದೆ, ಸಂಬಳ ಹಿಡಿಯದೆ ರಜೆ ಕೊಟ್ಟಿದ್ದಾರೆ, ಇಷ್ಟು. ತಂಗಿಯ ಬಗ್ಗೆ ಏನಾದರೂ ಕೇಳಿದಳೇ ಎಂದರೆ, "ಇಲ್ಲ" ಎನ್ನುವಳು ಅಕ್ಕ. ಸುಳ್ಳು ಹೇಳಿ ಸಮಾಧಾನ ಮಾಡುವ ಜಾಯಮಾನ ಅವಳದಲ್ಲ.

ಅಕ್ಕ ಹೊರಟುಹೋಗಿ ತಿಂಗಳಾದ ಮೇಲೆ, ಒಂದು ಬೆಳಿಗ್ಗೆ ಕಚೇರಿಯ ಮೆಟ್ಟಿಲ ಮೇಲೆ ಯಾರೋ ನಿಧಾನವಾಗಿ ಹತ್ತಿ ಬರುವ ಸದ್ದಾಯಿತು. ನೀಲಮ್ಮ. ಕಂಕುಳಲ್ಲಿ ಎಣ್ಣೆಯ ಕಲೆಯಾದ ದಪ್ಪ ಪುಸ್ತಕ. ಯಜಮಾನಿ ಎದ್ದು ಬಂದು ಕುರ್ಚಿ ಸರಿಸಿದರು.

"ಮೇಸ್ತ್ರಿ ಕಳಿಸಿದ್ರು. ನೂಲು ಒಣಗಿಸೋ ಯಂತ್ರ ಬಂದಿದೆ, ಇದೂ ಅದೇ ಭಾಷೆ," ಎಂದಳು ನೀಲಮ್ಮ, ಕೂರದೆ. ಆಮೇಲೆ ತಂಗಿ ಕೂತಿದ್ದ ಕಿಟಕಿಯ ಬಳಿಯ ಮೇಜಿನ ಕಡೆ ಗದ್ದ ಎತ್ತಿ ತೋರಿಸಿದಳು. "ಅವರೇ ಬರೀಲಿ."

ಯಜಮಾನಿ ಹಿಂಜರಿದರು. "ಬೇರೆಯವರು ಇದಾರಲ್ಲ, ಅನುಭವ ಇರೋರು..."

"ಬೇರೆಯವರನ್ನ ನಾನು ಕಂಡಿಲ್ಲ. ಇವರು ತಪ್ಪು ಮಾಡಿ ಓಡಿ ಬಂದವರು." ಪುಸ್ತಕವನ್ನು ತಂಗಿಯ ಮೇಜಿನ ಮೇಲೆ ಇಟ್ಟಳು. ತೋಳಿನ ಬಟ್ಟೆ ಸ್ವಲ್ಪ ಸರಿಯಿತು; ನೀಲಿಯ ನಡುವೆ ನುಣ್ಣನೆಯ ಬಿಳಿ ಚರ್ಮ ಕಂಡಿತು. "ಆದ್ರೆ ಬರೆದಾದ ಮೇಲೆ ಬಂದು ನನ್ನೆದುರು ಓದಬೇಕು. ಒಂದೊಂದು ಸಾಲೂ. ನನಗೆ ಏನು ಅರ್ಥ ಆಯ್ತು ಅಂತ ನಾನು ಹೇಳ್ತೀನಿ. ಸರಿ ಅನ್ನಿಸಿದ ಮೇಲೇ ಗೋಡೆಗೆ ಹಾಕೋದು."

ತಂಗಿಗೆ ಆ ಪುಸ್ತಕವನ್ನು ಮುಟ್ಟಲು ಭಯವಾಯಿತು. ಬೇಡ ಎನ್ನಬೇಕೆನಿಸಿತು. ಆದರೂ ಮೊದಲ ಪುಟ ತೆರೆದು, ಅಲ್ಲಿಯ ಸಣ್ಣ ಅಕ್ಷರಗಳ ಮೇಲೆ ಕಣ್ಣಾಡಿಸಿದಳು.

"ಇದರಲ್ಲಿ ಬೆಂಕಿ ಇದೆಯಾ?" ಎಂದು ಕೇಳಿದಳು.

"ಬಿಸಿಗಾಳಿ. ಮತ್ತೆ ಬೀಸಣಿಗೆಯ ರೆಕ್ಕೆ."

"ಮಧ್ಯಾಹ್ನವೇ ಬರ್ತೀನಿ. ಬರೆಯೋಕೆ ಮುಂಚೆ ಯಂತ್ರವನ್ನ ಒಂದ್ಸಲ ನೋಡ್ಬೇಕು."

"ಹಾಗಾದ್ರೆ ಮೂರು ಗಂಟೆ ಮೇಲೆ ಬನ್ನಿ," ಅಂದಳು ನೀಲಮ್ಮ. "ಗೇಟಲ್ಲಿ ನನ್ನ ಹೆಸರು ಹೇಳಿ." ಹೇಳಿ, ಕಂಬಿ ಹಿಡಿದುಕೊಂಡು ಮೆಟ್ಟಿಲು ಇಳಿದುಹೋದಳು.